ಅಕ್ಕನಿಗೊಂದು ಕುಲಾವಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಆತುರಗಾರರನ್ನು ಕುರಿತು ನಮ್ಮಲ್ಲಿ ಹಾಸ್ಯವಾಡುವುದುಂಟು. ಈ ಗಾದೆಯನ್ನು ಕಟ್ಟಿದ ಪುಣ್ಯಾತ್ಮರು ಗಂಡಸರೇ ಇರಬೇಕೆಂದು ನನ್ನ ಬಲವಾದ ಗುಮಾನಿ. ಕೂಸು ಹುಟ್ಟಿದ ಮೇಲೆ ಕುಲಾವಿಗೆ ಕೈಹಾಕಿದರೆ, ಅದು ಮುಗಿಯುವ ಹೊತ್ತಿಗೆ ಕೂಸಿನ ತಲೆ ಎರಡು ಅಂಗುಲ ಬೆಳೆದಿರುತ್ತದೆ. ಬೇಕಾಗುವುದಕ್ಕೆ ಮುಂಚೆಯೇ ಸಿದ್ಧವಾಗಿರಬೇಕಾದ ವಸ್ತುಗಳು ಸಂಸಾರದಲ್ಲಿ ಕೆಲವುಂಟು. ೨೦೨೪ರ ಡಿಸೆಂಬರಿನಲ್ಲಿ ನಾನು ಹೆಣೆಯಬೇಕಾಗಿ ಬಂದ ಕುಲಾವಿ ಅಂಥದು. ಆದರೆ ಅದು ಕೂಸಿನದಲ್ಲ. ೭೬ ವರ್ಷದ ನನ್ನ ಅಕ್ಕನದು.

ಮೈಸೂರಿನಿಂದ ಅಕ್ಕನ ಸೊಸೆ ದೂರವಾಣಿಯಲ್ಲಿ ಮಾತಾಡಿದಳು. "ಚಿಕ್ಕಮ್ಮ, ಮೊದಲನೆಯ ಸಲದ ಕಿಮೋಥೆರಪಿ ಆಯಿತು. ಇನ್ನು ಎರಡು ಮೂರು ವಾರದಲ್ಲಿ ಕೂದಲು ಉದುರೋಕೆ ಶುರುವಾಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಅತ್ತೆ ನಿಮ್ಮ ಹತ್ತಿರ ಏನೋ ಹೇಳಬೇಕಂತೆ." ಆಮೇಲೆ ಅಕ್ಕನ ದನಿ ಬಂದಿತು. ಸ್ವಲ್ಪ ಬಳಲಿತ್ತು, ಅಧಿಕಾರ ಮಾತ್ರ ಬಳಲಿರಲಿಲ್ಲ.

"ನನ್ನ ಮಗ ಕೃತಕ ಕೂದಲು ತರಿಸ್ತೀನಿ ಅಂತಾನೆ. ಈ ವಯಸ್ಸಿನಲ್ಲಿ ನಾನೇನು ನಾಟಕದ ಕಂಪನಿ ಸೇರಬೇಕೆ? ನೀನೊಂದು ಟೊಪ್ಪಿ ಹೆಣೆದುಕೊಡು. ರಾತ್ರಿ ಹೊತ್ತು ತಲೆ ತಣ್ಣಗಾಗುತ್ತಂತೆ. ಹೆಣಿಗೆ ಹ್ಯಾಗಾದರೂ ಇರಲಿ, ನೂಲು ಮಾತ್ರ ನೋಡಿ ತಗೋ."

ನೂಲು ಮಾತ್ರ ನೋಡಿ ತಗೋ! ಬೇರೆಯವರಿಗೆ ಇದು ಸಾಧಾರಣವಾದ ಮಾತು. ನನಗೋ, ಐವತ್ತು ವರ್ಷಗಳ ಹಳೆಯ ಲೆಕ್ಕವೊಂದನ್ನು ಮತ್ತೆ ತೆರೆದು ಮುಂದಿಟ್ಟಂತಾಯಿತು. ನನ್ನ ಕೈಯ ಹೆಣಿಗೆಯನ್ನು ಅಕ್ಕ ಅಪರೂಪಕ್ಕೊಮ್ಮೆ ಮೆಚ್ಚಿಕೊಂಡದ್ದುಂಟು. ನಾನು ಆರಿಸಿ ತಂದ ನೂಲನ್ನು ಅವಳು ಒಂದು ಸಲವೂ ಮೆಚ್ಚಿದವಳಲ್ಲ.

ಅದಕ್ಕೆ ಕಾರಣವಿಲ್ಲದೆ ಇಲ್ಲ. ೧೯೬೨ರ ಅಕ್ಟೋಬರಿನಲ್ಲಿ ಚೀನಾದ ಸೇನೆ ಗಡಿಯನ್ನು ದಾಟಿ ಬಂದಾಗ ಅಕ್ಕನಿಗೆ ೧೪ ವರ್ಷ, ನನಗೆ ೮. ನಮ್ಮ ಜವಾನರು ಸಾಕಷ್ಟು ಬೆಚ್ಚನೆಯ ಉಡುಪಿಲ್ಲದೆ ಹಿಮದಲ್ಲಿ ನಿಂತಿದ್ದಾರೆಂಬ ಸುದ್ದಿ ಬಂದುದೇ ತಡ, ದೇಶದ ಹೆಂಗಸರೆಲ್ಲ ಕಡ್ಡಿ ಹಿಡಿದು ಕುಳಿತರು. ಅಕ್ಕನ ಶಾಲೆಯಲ್ಲಿ ಹುಡುಗಿಯರಿಗೆ ಖಾಕಿ ಉಣ್ಣೆಯ ಲಡಿಗಳನ್ನು ಹಂಚಿದ್ದರು. ನಮ್ಮ ಮನೆಯ ಜಗಲಿಯ ಮೇಲೆ ನಾನು ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಲಡಿಯನ್ನು ತೊಟ್ಟುಕೊಂಡು ಕೂರಬೇಕು; ಅಕ್ಕ ಎದುರಿಗೆ ಕುಳಿತು ಅದನ್ನು ಉಂಡೆ ಸುತ್ತಬೇಕು. ಕೈ ಇಳಿಸಿದರೆ ಬೈಗುಳ. ಹಾಗೆ ಕುಳಿತ ಸಂಬಳವಾಗಿ ನನಗೆ ಸಿಕ್ಕುತ್ತಿದ್ದುದು ಮಿಕ್ಕ ತುಂಡು ನೂಲು ಮತ್ತು ಪೊರಕೆಯಿಂದ ಎಳೆದ ಎರಡು ತೆಂಗಿನ ಕಡ್ಡಿಗಳು. ನನ್ನ ಹೆಣಿಗೆಯ ವಿದ್ಯಾಭ್ಯಾಸ ಪ್ರಾರಂಭವಾದದ್ದು ಆ ಪೊರಕೆಕಡ್ಡಿಗಳಿಂದ.

ಬಂದ ಲಡಿಗಳೆಲ್ಲ ಒಂದೇ ಬಗೆಯವಾಗಿರಲಿಲ್ಲ. ಕೆಲವು ಮೆತ್ತಗಿದ್ದವು, ಕೆಲವು ತೆಂಗಿನ ನಾರಿನ ಅಣ್ಣತಮ್ಮಂದಿರು. ಅಕ್ಕ ಪ್ರತಿಯೊಂದು ಲಡಿಯನ್ನೂ ಕತ್ತಿನ ಪಕ್ಕಕ್ಕೆ, ಕಿವಿಯ ಕೆಳಗಿನ ಎಳೆಯ ಚರ್ಮಕ್ಕೆ ಒತ್ತಿಕೊಂಡು, ಕಣ್ಣು ಮುಚ್ಚಿ, ನೂರರವರೆಗೆ ಎಣಿಸುತ್ತಿದ್ದಳು. ಕೈಯಲ್ಲಿ ಮುಟ್ಟಿ ನೋಡಿದರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ ಅವಳು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಕೈ ಸುಳ್ಳು ಹೇಳುತ್ತೆ ಕಣೇ. ಪಾತ್ರೆ ಉಜ್ಜಿ ಉಜ್ಜಿ ಅದಕ್ಕೆ ಏನೂ ಗೊತ್ತಾಗೋಲ್ಲ. ಕತ್ತು ಸುಳ್ಳು ಹೇಳೋಲ್ಲ." ಹೀಗೆ ಪರೀಕ್ಷೆ ಮಾಡಿ, ಒರಟು ಉಣ್ಣೆಯನ್ನು ಅವಳು ಎಸೆಯಲಿಲ್ಲ. ಅಂಗಿಯ ಮೇಲೆ ಬರುವ ಸ್ವೆಟರಿನ ಮೈಗೆ ಅದನ್ನು ಬಳಸಿದಳು. ಮೆತ್ತನೆಯದನ್ನು ಕತ್ತುಪಟ್ಟಿಗೂ ಮಫ್ಲರಿಗೂ ಎತ್ತಿಟ್ಟಳು. ನೂಲನ್ನು ಆರಿಸುವ ಶಾಸ್ತ್ರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಆ ಹದಿನಾಲ್ಕರ ಹುಡುಗಿ ಜಗಲಿಯ ಮೇಲೆಯೇ ಕಂಡುಕೊಂಡಿದ್ದಳು. ನಾನು ಅದನ್ನು ಕಣ್ಣಾರೆ ಕಂಡೂ ಕಲಿಯಲಿಲ್ಲ.

ಕಲಿತಿದ್ದರೆ ನನ್ನ ಮಾವನವರಿಗೆ ಆ ಕಷ್ಟ ಬರುತ್ತಿರಲಿಲ್ಲ. ಮದುವೆಯಾಗಿ ಬೆಂಗಳೂರಿಗೆ ಬಂದ ಮೊದಲ ಚಳಿಗಾಲ, ೧೯೭೬ರಲ್ಲಿ, ಹೊಸ ಸೊಸೆಯ ಉತ್ಸಾಹದಿಂದ ಅವರಿಗೊಂದು ಸ್ವೆಟರು ಹೆಣೆದೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಾಫಿಪುಡಿಯ ಬಣ್ಣದ ಉಣ್ಣೆಯೊಂದು ಕಣ್ಣಿಗೆ ಬಿದ್ದಿತ್ತು. ಎಂಥ ಬಣ್ಣ! ಅದರೊಳಗೆ ಅಲ್ಲಲ್ಲಿ ಹೊಂಬಣ್ಣದ ಮಿನುಗು. ಕಣ್ಣು ಮೆಚ್ಚಿದ ಮೇಲೆ ಕತ್ತನ್ನು ಕೇಳುವವರಾರು? ಮಾವನವರು ಪ್ರತಿದಿನ ಬೆಳಗಿನ ಜಾವ ಆ ಸ್ವೆಟರು ತೊಟ್ಟು ಲಾಲ್‌ಬಾಗಿಗೆ ತಿರುಗಾಡಲು ಹೋಗುತ್ತಿದ್ದರು. "ನಮ್ಮ ಸೊಸೆ ಹೆಣೆದದ್ದು" ಎಂದು ಗೆಳೆಯರಿಗೆ ತೋರಿಸುತ್ತಿದ್ದರಂತೆ. ಆ ಚಳಿಗಾಲದಲ್ಲಿ ಅವರ ಕುತ್ತಿಗೆಗೂ ಮುಂಗೈಗೂ ಕೆಂಪು ಗಂಧೆಗಳೆದ್ದವು. ಡಾಕ್ಟರು ಮುಲಾಮು ಕೊಟ್ಟರು. ಸೊಪ್ಪಿನ ಸಾರಿನ ಮೇಲೂ ಬದನೆಕಾಯಿಯ ಮೇಲೂ ಅಪವಾದ ಬಂದಿತು. ಸ್ವೆಟರನ್ನು ಯಾರೂ ಶಂಕಿಸಲಿಲ್ಲವೆಂದೇ ನಾನು ತಿಳಿದಿದ್ದೆ. ಹನ್ನೊಂದು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಟ್ರಂಕಿನಿಂದ ಆ ಸ್ವೆಟರನ್ನು ತೆಗೆದೆ. ಒಳಮಗ್ಗುಲಿಗೆ, ಕತ್ತಿನಿಂದ ತೋಳಿನ ತುದಿಯವರೆಗೆ, ಹಳೆಯ ಪಂಚೆಯ ಬಟ್ಟೆಯನ್ನು ಸಣ್ಣ ಸಣ್ಣ ಹೊಲಿಗೆ ಹಾಕಿ ಜೋಡಿಸಿತ್ತು. ಹೊಲಿಗೆ ನಮ್ಮ ಅತ್ತೆಯವರದು. ಅದನ್ನು ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ. ಗಂಡಹೆಂಡಿರಿಬ್ಬರೂ ನನ್ನ ಮುಂದೆ ಒಂದು ಮಾತು ಆಡಿರಲಿಲ್ಲ.

ಉಣ್ಣೆ ಏಕೆ ಚುಚ್ಚುತ್ತದೆಂಬುದನ್ನು ಆಮೇಲೆ ಓದಿ ತಿಳಿದೆ. ಎಳೆಯ ದಪ್ಪವನ್ನು ಮೈಕ್ರಾನ್ ಎಂಬ ಅಳತೆಯಿಂದ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಅದು. ನಮ್ಮ ತಲೆಗೂದಲು ಸುಮಾರು ೭೦ ಮೈಕ್ರಾನ್ ಇರುತ್ತದೆ. ಮೆರಿನೋ ಎಂಬ ಕುರಿಯ ಉಣ್ಣೆ ೨೪ಕ್ಕಿಂತ ಕಡಿಮೆ. ಎಳೆಯು ೩೦ ಮೈಕ್ರಾನನ್ನು ದಾಟಿತೆಂದರೆ ಅದರ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ. ಸೂಜಿಯಂತೆ ನೆಟ್ಟಗೆ ನಿಂತು ಒತ್ತುತ್ತದೆ. ಅಂಥ ದಪ್ಪ ಎಳೆಗಳು ನೂರಕ್ಕೆ ಐದರಷ್ಟು ಬೆರೆತಿದ್ದರೂ ಸಾಕು, ಮೈ ನವೆಯಾಗುತ್ತದೆ. ಮಿಕ್ಕ ತೊಂಬತ್ತೈದು ಎಷ್ಟೇ ಸಾಧುವಾಗಿರಲಿ. ಊರಿಗೆ ಕೆಟ್ಟ ಹೆಸರು ತರಲು ಐದು ಜನ ಪುಂಡರು ಸಾಕಲ್ಲವೇ, ಹಾಗೆ.

ಹಾಗೆಂದು ಒರಟು ಉಣ್ಣೆಯನ್ನು ಹಳಿಯುವುದು ನ್ಯಾಯವಲ್ಲ. ನಮ್ಮ ಕುರುಬರು ನೇಯುವ ಕರಿಯ ಕಂಬಳಿಯನ್ನು ನೋಡಿ. ದಖನ್ನಿನ ಕುರಿಯ ಉಣ್ಣೆ ಮೆರಿನೋ ಮುಂದೆ ಮುಳ್ಳಿನಂತೆ. ನೇಯುವ ಮುಂಚೆ ಅದಕ್ಕೆ ಹುಣಿಸೆ ಬೀಜದ ಗಂಜಿಯನ್ನೂ ಕೊಡುತ್ತಾರೆ, ಇನ್ನಷ್ಟು ಬಿರುಸಾಗುತ್ತದೆ. ಆದರೆ ಮಲೆನಾಡಿನ ಮಳೆಯಲ್ಲಿ ಗದ್ದೆಗಿಳಿಯುವವನು ತಲೆಯ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡರೆ ನೀರು ಮೇಲಿನಿಂದಲೇ ಜಾರಿಹೋಗುತ್ತದೆ, ಒಳಗೆ ಬೆಚ್ಚಗಿರುತ್ತದೆ. ಆ ಕೆಲಸಕ್ಕೆ ಮೆರಿನೋವನ್ನು ಕರೆದೊಯ್ದರೆ ಒಂದೇ ಮಳೆಗಾಲಕ್ಕೆ ಹರಿದು ಚಿಂದಿಯಾದೀತು. ತಪ್ಪು ಉಣ್ಣೆಯದಲ್ಲ, ಅದನ್ನು ತಂದು ಮಾವನವರ ಕುತ್ತಿಗೆಗೆ ಕಟ್ಟಿದ ನನ್ನದು.

ನನ್ನ ಎರಡನೆಯ ಅಪರಾಧ ಮಗಳ ಬಿಳಿಯ ಫ್ರಾಕು. ಈ ಸಲ ಉಣ್ಣೆ ಶುದ್ಧವಾಗಿತ್ತು, ಮೆತ್ತಗೂ ಇತ್ತು. ಎರಡು ತಿಂಗಳು ಹೆಣೆದೆ. ಕೆಲಸದವಳು ಒಂದೇ ದಿನ ಅದನ್ನು ಬಿಸಿನೀರಿನಲ್ಲಿ ಸೋಡ ಹಾಕಿ ನೆನೆಸಿ, ಕಲ್ಲಿನ ಮೇಲೆ ಪ್ರೀತಿಯಿಂದ ಕುಕ್ಕಿ ಒಗೆದಳು. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಪೊರೆಯಂಥ ಸಣ್ಣ ಪದರಗಳಿರುತ್ತವೆ. ಬಿಸಿ, ಸಾಬೂನು, ತಿಕ್ಕಾಟ ಮೂರೂ ಸೇರಿದರೆ ಆ ಪದರಗಳು ಒಂದರೊಳಗೊಂದು ಸಿಕ್ಕಿಕೊಂಡು ಬಿಗಿಯುತ್ತವೆ, ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಫ್ರಾಕು ಮಗಳ ಬೊಂಬೆಗೆ ಸರಿಯಾಯಿತು. ಕೆಲಸದವಳ ಮೇಲೆ ರೇಗಿದೆ. ಅಕ್ಕನಿಗೆ ಕಾಗದ ಬರೆದೆ. ಅವಳ ಉತ್ತರ ಎರಡು ಸಾಲು: ಒಗೆಯುವವಳು ಯಾರೆಂದು ನೋಡಿ ನೂಲು ತರಬೇಕಿತ್ತು, ಅವಳನ್ನು ಬೈಯಬೇಡ.

ಇನ್ನು ಮೂರನೆಯದು, ಹೊಳೆಯುವ ಹತ್ತಿ ನೂಲಿನಲ್ಲಿ ನನಗಾಗಿಯೇ ಹೆಣೆದುಕೊಂಡ ತುಂಬುತೋಳಿನ ಕೋಟು. ಹತ್ತಿಗೆ ಉಣ್ಣೆಯ ಹಾಗೆ ಎಳೆದರೆ ಹಿಂದಕ್ಕೆ ಬರುವ ಗುಣವಿಲ್ಲ, ಮೇಲಾಗಿ ಭಾರ. ಸೊಂಟಕ್ಕೆಂದು ಹೆಣೆದದ್ದು ಆರು ತಿಂಗಳಲ್ಲಿ ಮೊಣಕಾಲಿಗೆ ಬಂದಿತು. ಅದರ ಸುದ್ದಿ ಇಷ್ಟೇ ಸಾಕು.

ಇಷ್ಟೆಲ್ಲ ಇತಿಹಾಸವನ್ನು ಬೆನ್ನಮೇಲೆ ಹೊತ್ತುಕೊಂಡು, ಅಕ್ಕನ ಟೊಪ್ಪಿಗೆ ನೂಲು ತರಲು ನಾನು ಚಿಕ್ಕಪೇಟೆಗೆ ಹೊರಟೆ. ನಮ್ಮ ಯಜಮಾನರು, "ಇಷ್ಟಗಲ ಟೊಪ್ಪಿಗೆ ಇಷ್ಟು ಯೋಚನೆಯೇ? ಯಾವುದಾದರೂ ಮೆತ್ತಗಿನ ಉಲ್ಲನ್ನು ತಂದರಾಯಿತು" ಎಂದರು. ಅವರದು ತಪ್ಪಲ್ಲ. ನೂಲೆಲ್ಲವೂ ಉಲ್ಲನ್ನೇ ಎಂದು ನಂಬಿರುವ ಜಾತಿ ಅವರದು.

ಅಂಗಡಿಯ ಹುಡುಗ ಬಹಳ ಚುರುಕು. "ಯಾರಿಗೆ ಆಂಟಿ, ಮೊಮ್ಮಗುವಿಗಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಣ್ಣಬಣ್ಣದ ಉಂಡೆಗಳನ್ನು ಗಾಜಿನ ಮೇಲೆ ಸುರಿದ. ಎಲ್ಲಕ್ಕಿಂತ ಮುಂದೆ ಬಂದುದು ಮೋಡದ ತುಣುಕಿನಂಥ ನವಿರಾದ, ರೋಮ ರೋಮವಾದ ನೂಲು. ಮೊಹೇರ್, ಅಂಗೋರಾ ಮೇಕೆಯ ಕೂದಲು. ಕೈ ತಾನಾಗಿಯೇ ಅದರ ಕಡೆಗೆ ಹೋಯಿತು. ಐವತ್ತು ವರ್ಷದ ಹಿಂದಿನ ನಾನಾಗಿದ್ದರೆ ಅಲ್ಲಿಗೇ ವ್ಯಾಪಾರ ಮುಗಿಯುತ್ತಿತ್ತು. ಆದರೆ ಆ ಔಷಧದಿಂದ ತಲೆಗೂದಲಷ್ಟೇ ಅಲ್ಲ, ರೆಪ್ಪೆಗೂದಲೂ ಹುಬ್ಬೂ ಉದುರಬಹುದೆಂದು ಅಕ್ಕನ ಸೊಸೆ ಹೇಳಿದ್ದಳು. ರೆಪ್ಪೆಯ ಕಾವಲಿಲ್ಲದ ಕಣ್ಣಿಗೆ ಈ ಮೋಡದ ಎಳೆಗಳು ಉದುರಿ ಬಿದ್ದರೆ ಗತಿಯೇನು? ಅದನ್ನು ಪಕ್ಕಕ್ಕೆ ಸರಿಸಿದೆ.

ಮುಂದಿನದು ಮೆರಿನೋ. ಉಂಡೆಯನ್ನು ಕಿವಿಯ ಕೆಳಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ನೂರರವರೆಗೆ ಎಣಿಸಿದೆ. ಅಂಗಡಿಯ ಹುಡುಗ ಯಾರನ್ನಾದರೂ ಸಹಾಯಕ್ಕೆ ಕರೆಯಬೇಕೇ ಎಂಬಂತೆ ಅತ್ತಿತ್ತ ನೋಡಿದ. ಚುಚ್ಚಲಿಲ್ಲ. ಬೆಲೆ ಮಾತ್ರ ಚುಚ್ಚಿತು. ಆದರೆ ಅಕ್ಕನಿಗೆ ತಾನೇ, ಕೊಡೋಣವೆಂದುಕೊಂಡೆ. ಉಣ್ಣೆಗೊಂದು ದೊಡ್ಡ ಗುಣವಿದೆ: ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸದು. ಎಳೆಗಳ ಗುಂಗುರಿನ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಬೆಚ್ಚಗಿಡುತ್ತದೆ. ಇವೆಲ್ಲ ಅಕ್ಕನ ತಲೆಗೆ ಬೇಕಾದ ಗುಣಗಳೇ. ಚೀಟಿಯನ್ನು ತಿರುಗಿಸಿ ನೋಡಿದೆ: ತಣ್ಣೀರಿನಲ್ಲಿ ಕೈಯಿಂದ ಒಗೆಯತಕ್ಕದ್ದು, ನೆರಳಿನಲ್ಲಿ ಮಲಗಿಸಿ ಒಣಗಿಸತಕ್ಕದ್ದು. ಅಲ್ಲಿ ಬೊಂಬೆಯ ಫ್ರಾಕು ಕಣ್ಣಮುಂದೆ ಬಂದು ನಿಂತಿತು. ಆ ಚಿಕಿತ್ಸೆಯಲ್ಲಿರುವವರಿಗೆ ಸೋಂಕು ಬೇಗ ತಗಲುತ್ತದೆ. ತಲೆಗೆ ತಾಗುವ ಬಟ್ಟೆ ದಿನ ಬಿಟ್ಟು ದಿನವಾದರೂ ಒಗೆತ ಕಾಣಬೇಕು. ಒಗೆಯುವವಳು ಯಾರು? ಕಚೇರಿಗೆ ಹೋಗಿಬಂದು, ಅತ್ತೆಗೆ ಪಥ್ಯದ ಅಡಿಗೆ ಮಾಡಿ, ಆಸ್ಪತ್ರೆಗೆ ಕರೆದೊಯ್ದು, ರಾತ್ರಿ ಹನ್ನೊಂದಕ್ಕೆ ಒಗೆಯುವ ಯಂತ್ರಕ್ಕೆ ಬಟ್ಟೆ ತುಂಬುವ ಆ ಸೊಸೆ. ತಣ್ಣೀರು, ಮೆದುಸಾಬೂನು, ನೆರಳು ಎಂದು ಅವಳಿಗೆ ನಾನು ಪಟ್ಟಿ ಕೊಡಲೇ? ಯಂತ್ರದಲ್ಲಿ ಹಾಕಬಹುದಾದಂತೆ ಪದರಗಳನ್ನು ಸವೆಸಿ ಹದಮಾಡಿದ ಮೆರಿನೋ ಕೂಡ ಉಂಟು. ಆ ಅಂಗಡಿಯಲ್ಲಿ ಇರಲಿಲ್ಲ. ಮೆರಿನೋವನ್ನೂ ಸರಿಸಿದೆ. ಸರಿಸುವಾಗ ಸ್ವಲ್ಪ ನೋವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಬೆಲೆಬಾಳುವುದನ್ನು ಕೊಟ್ಟು ನಮ್ಮ ಪ್ರೀತಿಯನ್ನು ನಾವೇ ಕಣ್ಣಾರೆ ಕಾಣುವ ಆಸೆ ಸುಲಭಕ್ಕೆ ಬಿಡುವಂಥದಲ್ಲ.

"ಹಾಗಾದರೆ ಕ್ಯಾಶ್‌ಮಿಲಾನ್ ತಗೊಳ್ಳಿ ಆಂಟಿ, ಹೇಗೆ ಬೇಕಾದರೂ ಒಗೀಬಹುದು" ಎಂದ ಹುಡುಗ. ಕ್ಯಾಶ್‌ಮಿಲಾನ್ ಎಂಬುದು ಮೂಲತಃ ಜಪಾನಿನ ಒಂದು ಕಂಪನಿಯ ಮುದ್ರೆ. ನಮ್ಮ ದೇಶದಲ್ಲಿ ಅಕ್ರಿಲಿಕ್ ನೂಲಿನ ಜಾತಿಗೇ ಅದು ಹೆಸರಾಗಿ ನಿಂತಿತು. ಅಮೆರಿಕದಲ್ಲಿ ೧೯೫೦ರಲ್ಲಿ ಕಾರ್ಖಾನೆಯಿಂದ ಹೊರಬರತೊಡಗಿದ ಈ ನೂಲಿನಿಂದ ಬಡವರ ಮನೆಯ ಮಕ್ಕಳೂ ಬಣ್ಣದ ಸ್ವೆಟರು ತೊಟ್ಟರು. ಅದನ್ನು ಕಂಡು ಮೂಗು ಮುರಿಯುವವಳು ನಾನಲ್ಲ. ನುಸಿ ತಿನ್ನದು, ಕುಗ್ಗದು, ಅಗ್ಗ. ಆದರೆ ಅದು ಬೆವರನ್ನು ಕುಡಿಯುವುದಿಲ್ಲ. ಕೂದಲಿಲ್ಲದ ತಲೆಯಲ್ಲಿ ಬೆವರು ನಿಲ್ಲಲು ಬೇರೆ ತಾಣವಿಲ್ಲ, ಟೊಪ್ಪಿಯೇ ಹೀರಬೇಕು. ಆಮೇಲೆ ಬಿದಿರಿನ ನೂಲು ಎಂದು ಒಂದನ್ನು ತೋರಿಸಿದ. ರೇಷ್ಮೆಯಂತೆ ಜಾರುತ್ತಿತ್ತು. ಬಿದಿರನ್ನು ರಾಸಾಯನಿಕಗಳಲ್ಲಿ ಕರಗಿಸಿ, ಸಣ್ಣ ರಂಧ್ರಗಳಿಂದ ಹಿಂಡಿ ತೆಗೆದ ಎಳೆ ಅದು. ಗುಣದಲ್ಲಿ ರೇಯಾನಿನ ತಂಗಿ. ಮೆತ್ತಗಿದ್ದರೂ ಅದರ ಜಾರುವ ಗುಣ ಕಂಡು ನನಗೆ ಧೈರ್ಯ ಬರಲಿಲ್ಲ. ಅಕ್ಕನ ತಲೆಯ ಮೇಲೆ ಟೊಪ್ಪಿ ನಿಲ್ಲಬೇಕು, ಜಾರುಬಂಡೆ ಆಡಬಾರದು.

ಉಳಿದದ್ದು ಹತ್ತಿ. ನನ್ನನ್ನು ಮೊಣಕಾಲಿನವರೆಗೆ ಇಳಿಸಿದ ಅದೇ ಹತ್ತಿ! ಆದರೆ ಇದು ಹೊಳಪಿನ ಹತ್ತಿಯಲ್ಲ. ಹೊಳಪು ಬರುವುದು ಕಾಸ್ಟಿಕ್ ಸೋಡದಲ್ಲಿ ಅದ್ದಿ ಹದಮಾಡುವುದರಿಂದ. ೧೮೪೪ರಲ್ಲಿ ಜಾನ್ ಮರ್ಸರ್ ಎಂಬ ಇಂಗ್ಲೆಂಡಿನವನು ಕಂಡುಹಿಡಿದ ಕ್ರಮ, ಅದಕ್ಕೇ ಮರ್ಸರೈಸ್ ಎಂಬ ಹೆಸರು. ಹಾಗೆ ಮಾಡಿದ ನೂಲು ಗಟ್ಟಿ, ಚೆಲುವು. ಕೈಗೆ ಮಾತ್ರ ಕೊಂಚ ಬಿಗಿ. ನನಗೆ ಸಿಕ್ಕಿದ್ದು ಹದಮಾಡದ, ಸಡಿಲವಾಗಿ ಹುರಿಮಾಡಿದ, ಮಬ್ಬಾದ ಹತ್ತಿ. ಕತ್ತಿಗೆ ಒತ್ತಿದೆ. ಹಳೆಯ ಸೀರೆಯ ಸೆರಗಿನ ಹಾಗಿತ್ತು. ಕುದಿಯುವ ನೀರಿಗೆ ಹಾಕಿದರೂ ಅಂಜದು. ಬೆವರು ಕುಡಿಯುತ್ತದೆ. ಅದರ ಒಂದೇ ದುರ್ಗುಣ, ಹಿಗ್ಗಿದರೆ ಹಿಂದಕ್ಕೆ ಬಾರದಿರುವುದು. ಆ ದುರ್ಗುಣವನ್ನು ಹೆಣಿಗೆಯಿಂದ ತಿದ್ದಬಹುದು. ಚುಚ್ಚುವ ನೂಲನ್ನು ಯಾವ ಹೆಣಿಗೆಯಿಂದಲೂ ತಿದ್ದಲಾಗದು.

ಬಣ್ಣ ಇನ್ನೂ ಉಳಿದಿತ್ತು. ಅಕ್ಕನಿಗೆ ಕೆಂಪೆಂದರೆ ಪ್ರಾಣ. ಕುಂಕುಮದ ಕೆಂಪಿನ ಒಂದು ಉಂಡೆಯನ್ನೂ, ಬದನೆ ಹೂವಿನ ತಿಳಿ ನೇರಳೆಯ ಒಂದು ಉಂಡೆಯನ್ನೂ ಮಾತ್ರ ಕೊಂಡು ಮನೆಗೆ ಬಂದೆ. ಎರಡರಿಂದಲೂ ಗೇಣುದ್ದ ಎಳೆ ಕತ್ತರಿಸಿ, ಒದ್ದೆಮಾಡಿ, ಬಿಳಿಯ ಕರವಸ್ತ್ರದ ನಡುವೆ ಇಟ್ಟು, ಮೇಲೆ ಒರಳುಗುಂಡು ಹೇರಿದೆ. ಬೆಳಿಗ್ಗೆ ನೋಡಿದರೆ ಕೆಂಪು ತನ್ನ ಗುರುತನ್ನು ಕರವಸ್ತ್ರದ ಮೇಲೆ ಧಾರಾಳವಾಗಿ ಬಿಟ್ಟಿತ್ತು. ಅಕ್ಕ ಬೆವರಿ ಎದ್ದ ಬೆಳಿಗ್ಗೆ ಹಣೆಯ ಮೇಲೆ ಕೆಂಪು ಇಳಿದಿದ್ದರೆ ಮನೆಯವರೆಲ್ಲ ಹೌಹಾರುತ್ತಿದ್ದರು. ನೇರಳೆ ನಿಷ್ಕಲ್ಮಷವಾಗಿ ಹೊರಬಂದಿತು. ಇನ್ನೊಂದು ಎಳೆಗೆ ಬೆಂಕಿಕಡ್ಡಿ ಹಚ್ಚಿ ನೋಡಿದೆ. ಚೀಟಿಯಲ್ಲಿ ಹತ್ತಿ ಎಂದು ಅಚ್ಚಾದುದೆಲ್ಲ ಹತ್ತಿಯಾಗಬೇಕೆಂದಿಲ್ಲ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಅಕ್ರಿಲಿಕ್ ಆದರೆ ಕರಗಿ ಕರಿಯ ಮಣಿಯಂತೆ ಗಟ್ಟಿಯಾಗುತ್ತದೆ. ನನ್ನದು ಬೂದಿಯಾಯಿತು. ಮಾರನೆಯ ದಿನವೇ ಹೋಗಿ ಅದೇ ಲಾಟಿನ ಇನ್ನೂ ಮೂರು ಉಂಡೆಗಳನ್ನು ತಂದೆ. ಒಂದೇ ಬಣ್ಣದ ಎರಡು ಉಂಡೆಗಳು ಬೇರೆ ಬೇರೆ ಕಡಾಯಿಯಲ್ಲಿ ಮುಳುಗಿ ಎದ್ದಿದ್ದರೆ ಅವುಗಳ ಬಣ್ಣದಲ್ಲಿ ಕೂದಲೆಳೆಯಷ್ಟಾದರೂ ಅಂತರವಿರುತ್ತದೆ. ಅಂಗಡಿಯ ದೀಪದಲ್ಲಿ ಅದು ಕಾಣದು. ಹೆಣೆದು ಬಿಸಿಲಿಗೆ ಹಿಡಿದಾಗ ಪಟ್ಟೆಯಾಗಿ ನಗುತ್ತದೆ. ಚೀಟಿಯ ಮೇಲಿನ ಲಾಟಿನ ಸಂಖ್ಯೆ ಇರುವುದು ಅದಕ್ಕೇ.

ಈಗ ಮಾದರಿ ತುಂಡು. ಹೆಣಿಗೆಯವರಲ್ಲಿ ಇದನ್ನು ಮಾಡದೆ ಹಾರಿಸುವವರೇ ಹೆಚ್ಚು. ನಾನಂತೂ ಹಾರಿಸಿಕೊಂಡೇ ಮುದುಕಿಯಾದವಳು. ಈ ಸಲ ಮಾಡಿದೆ. ೮ನೆಯ ನಂಬರಿನ ಕಡ್ಡಿಯಲ್ಲಿ ಹತ್ತು ಸೆಂಟಿಮೀಟರಿಗೆ ೨೦ ಕುಣಿಕೆ ಬಂದವು. ನಮ್ಮಲ್ಲಿ ಇಂದಿಗೂ ನಡೆಯುವ ಹಳೆಯ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳ್ಳಗೆ. ೮ ಎಂದರೆ ೪ ಮಿಲಿಮೀಟರ್, ೧೦ ಎಂದರೆ ೩.೨೫. ೧೦ರ ಕಡ್ಡಿಯಲ್ಲಿ ಇನ್ನೊಂದು ತುಂಡು ಹೆಣೆದೆ: ೨೪ ಕುಣಿಕೆ, ಬಟ್ಟೆ ಬಿಗಿಯಾಗಿ ಬಂದಿತು. ಎರಡನ್ನೂ ಯಂತ್ರಕ್ಕೆ ಹಾಕಿ ಒಗೆದೆ. ೮ರದು ಮೈಚೆಲ್ಲಿ ಮಲಗಿತು. ೧೦ರದು ಮಾನವಾಗಿ ನಿಂತಿತ್ತು. ಸೊಸೆ ಅಳೆದು ತಿಳಿಸಿದಂತೆ ಅಕ್ಕನ ತಲೆಯ ಸುತ್ತಳತೆ ೫೪ ಸೆಂಟಿಮೀಟರ್. ಹತ್ತಿ ಹಿಗ್ಗುವುದನ್ನು ನೆನೆದು, ಕೂದಲು ಹೋದರೆ ತಲೆಯೂ ಕೊಂಚ ಸಣ್ಣದಾಗುವುದೆಂದು ಲೆಕ್ಕ ಹಾಕಿ ೫೦ ಇಟ್ಟುಕೊಂಡೆ. ಕೂದಲಿಗೂ ಒಂದು ಅಳತೆಯುಂಟೆಂದು ಆವರೆಗೆ ನಾನು ಯೋಚಿಸಿರಲಿಲ್ಲ. ಅಕ್ಕನ ಜಡೆಯನ್ನು ಹೆಣೆಯಲು ಅಮ್ಮನಿಗೆ ಎರಡು ಕೈ ಸಾಲುತ್ತಿರಲಿಲ್ಲ. ಪೆನ್ಸಿಲು ಹಿಡಿದು ಕಾಗದದ ಮೇಲೆ ಐವತ್ತನಾಲ್ಕರಲ್ಲಿ ನಾಲ್ಕನ್ನು ಕಳೆದಾಗ ಕೆಲಸ ಸ್ವಲ್ಪ ಹೊತ್ತು ನಿಂತಿತು.

೧೨೦ ಕುಣಿಕೆ. ಮೂರು ಕಡ್ಡಿಗಳಿಗೆ ನಲವತ್ತು ನಲವತ್ತು ಹಂಚಿ, ನಾಲ್ಕನೆಯ ಕಡ್ಡಿಯಲ್ಲಿ ದುಂಡಗೆ ಹೆಣೆದೆ. ಬಿಡಿಯಾಗಿ ಹೆಣೆದು ಕೊನೆಗೆ ಕೂಡಿಸಿ ಹೊಲಿದರೆ ಆ ಹೊಲಿಗೆಯ ಏಣು ದಿಂಬಿಗೂ ಬರಿಯ ತಲೆಗೂ ನಡುವೆ ಸಿಕ್ಕಿ ರಾತ್ರಿಯೆಲ್ಲ ಒತ್ತುತ್ತದೆ. ಅಂಚಿಗೆ ಎರಡು ಸೀದಾ ಎರಡು ಉಲ್ಟಾ, ಹಿಡಿತ ಬರಲೆಂದು. ನೆತ್ತಿಯ ಮೇಲೆ ಕುಣಿಕೆ ಇಳಿಸುವ ಕೆಲಸವನ್ನು ಮೈಸೂರಿನ ರೈಲಿನಲ್ಲಿ ಮಾಡಿದೆ. ಎದುರಿಗೆ ಕುಳಿತ ಹೆಂಗಸು, "ಯಾವ ತಿಂಗಳು ನಿಮ್ಮ ಮಗಳಿಗೆ?" ಎಂದು ವಿಚಾರಿಸಿದಳು. ಮದ್ದೂರು ದಾಟುವವರೆಗೂ ಅವಳಿಗೆ ಉತ್ತರ ಹೇಳಲು ನನಗೆ ಮಾತು ಹೊಂದಿಸಿಕೊಳ್ಳಲಾಗಲಿಲ್ಲ.

ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ತಲೆಗೆ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಕುಳಿತಿದ್ದಳು. ಎರಡು ದಿನದ ಹಿಂದೆ ಬಾಚಣಿಗೆಯಲ್ಲಿ ಗೊಂಚಲು ಗೊಂಚಲಾಗಿ ಬಂದಿತಂತೆ. ಮಗನನ್ನು ಕರೆದು ಮಿಕ್ಕಿದ್ದನ್ನೂ ಕತ್ತರಿಸಿಬಿಡು ಎಂದಳಂತೆ. ನಾನು ಚೀಲದಿಂದ ಟೊಪ್ಪಿ ತೆಗೆದುಕೊಟ್ಟೆ. ಚೆನ್ನಾಗಿದೆ ಎಂದಾಗಲಿ, ಏಕೆ ತೊಂದರೆ ತಗೊಂಡೆ ಎಂದಾಗಲಿ ಅವಳು ಹೇಳಲಿಲ್ಲ. ಅದನ್ನು ಮಡಿಚಿ, ಕಿವಿಯ ಕೆಳಗೆ, ಕತ್ತಿನ ಪಕ್ಕಕ್ಕೆ ಒತ್ತಿಕೊಂಡಳು. ಕಣ್ಣು ಮುಚ್ಚಿದಳು. ತುಟಿ ಸಣ್ಣಗೆ ಅಲುಗುತ್ತಿತ್ತು. ಸೊಸೆ ಏನೋ ಹೇಳಹೊರಟವಳು ನನ್ನ ಮುಖ ನೋಡಿ ಸುಮ್ಮನಾದಳು. ನಾನೂ ಒಳಗೇ ಎಣಿಸಿದೆ. ನನ್ನ ನೂರು ಮುಗಿದು ಎಷ್ಟೋ ಹೊತ್ತಿನ ಮೇಲೆ ಅವಳದು ಮುಗಿಯಿತು.

ಸೀರೆಯ ತುಂಡನ್ನು ಬಿಚ್ಚಿ ಪಕ್ಕಕ್ಕಿಟ್ಟು ಟೊಪ್ಪಿ ತೊಟ್ಟಳು. ಕನ್ನಡಿ ಕೇಳಲಿಲ್ಲ. ಎರಡು ಬೆರಳನ್ನು ಅಂಚಿನೊಳಗೆ ತೂರಿಸಿ ಹಿಡಿತವನ್ನು ನೋಡಿದಳು. ಮತ್ತೆ ತೆಗೆದು ಒಳಗುಹೊರಗು ಮಾಡಿ ಬೆಳಕಿಗೆ ಹಿಡಿದು, "ಇಲ್ಲಿ ನೆತ್ತಿ ಹತ್ತಿರ ಒಂದು ಕುಣಿಕೆ ಬಿಟ್ಟಿದ್ದೀಯ" ಎಂದಳು. ರೈಲು ಆ ಜಾಗದಲ್ಲಿ ಬಹಳ ಕುಲುಕಿತೆಂದೆ. "ರೈಲಿನ ಮೇಲೆ ಹಾಕು" ಎಂದು ಮತ್ತೆ ತೊಟ್ಟುಕೊಂಡಳು.

ಸೊಸೆ ಕಾಫಿ ತರಲು ಒಳಗೆ ಹೋದಾಗ ಕೇಳಿದಳು: "ನೂಲು ಮಿಕ್ಕಿದೆಯಾ?"

"ಎರಡೂವರೆ ಉಂಡೆ ಇದೆ."

"ಕಡ್ಡಿ?"

"ಚೀಲದಲ್ಲಿದೆ. ಆದರೆ ನಿನಗೆ ಬೆರಳು ಜುಮ್ಮೆನ್ನುತ್ತೆ ಅಂತ..."

"ಜುಮ್ಮೆನ್ನಲಿ. ನಿಧಾನವಾಗಿ ಮಾಡಿದರಾಯಿತು. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಒಂದು ಹುಡುಗಿ ಕೂತುಕೊಳ್ಳುತ್ತೆ. ಯಾರೋ ಉಲ್ಲನ್ ಟೊಪ್ಪಿ ತಂದುಕೊಟ್ಟಿದ್ದಾರೆ. ಪಾಪ, ಔಷಧ ಇಳಿಯುವಷ್ಟು ಹೊತ್ತೂ ಕೆರೆದುಕೊಳ್ಳುತ್ತಾ ಇರುತ್ತೆ. ಸಣ್ಣ ತಲೆ. ನೂರೆಂಟು ಕುಣಿಕೆ ಸಾಕು." ಕಾಲುಗಳನ್ನು ಎತ್ತಿ ಕುರ್ಚಿಯ ಮೇಲೆ ಮಡಿಚಿಕೊಂಡು, ಕೈ ಚಾಚಿದಳು. "ಉಂಡೆಯ ಚೀಟಿ ಎಸೆದಿಲ್ಲ ತಾನೆ? ಲಾಟಿನ ನಂಬರು ಇರಬೇಕು, ಬರೆದಿಟ್ಟುಕೋ. ಮುಂದಿನ ಸಲ ಬರುವಾಗ ಇನ್ನಾರು ಉಂಡೆ ತಗೊಂಡು ಬಾ."